ಬಾಗಿಲ ಮುಂದಿನ ರಾಡಿ ಯಾರದು?

ಬೆಳಗಾಗೆದ್ದು ಬಾಗಿಲು ತೆರೆದು, ಕಸ ಹೊಡೆದು, ಅಂಗಳಕ್ಕೆ ನೀರು ಚಿಮುಕಿಸಿ ಎರಡೆಳೆ ರಂಗೋಲಿ ಹಾಕದ ಹೊರತು ನಮಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು, ಅಲ್ಲವೇ? ಹಾಗಿದ್ದರೆ ನಿಮಗೊಂದು ಪ್ರಶ್ನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಗುಡಿಸಿದ ಕಸವನ್ನು ಕಡೆಗೆ ಎಲ್ಲಿಗೆ ನೂಕುತ್ತೀರಿ?

ನಾನಂತೂ ಇಪ್ಪತ್ತೆರಡು ವರ್ಷ ಗಟಾರಕ್ಕೆ ನೂಕಿದೆ. ಹೇಳಿಕೊಳ್ಳಲು ನಾಚಿಕೆಯಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಕಸಬರಿಗೆ ಬಾಗಿಲಿಂದ ಹೊರಟು, ಕಟ್ಟೆ ಇಳಿದು, ಅಂಗಳ ದಾಟಿ, ಫರಸಿ ಕಲ್ಲಿನ ಸಂದಿಯಲ್ಲಿ ಕಸವನ್ನೆಲ್ಲ ಇಳಿಸಿದರೆ ನನ್ನ ಕೆಲಸ ಮುಗಿಯಿತು. ಆಚೆಗಿನದು 'ಅವರ' ಕೆಲಸ. ಈ 'ಅವರು' ಯಾರು ಎಂದು ನಾನೂ ಯೋಚಿಸಿರಲಿಲ್ಲ, ನಮ್ಮ ಓಣಿಯಲ್ಲಿ ಬೇರೆ ಯಾರೂ ಯೋಚಿಸಿರಲಿಲ್ಲ.

ನಮ್ಮದು ಕೋಟನೂರ. ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿದೆ. ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಈಗ ಪಟ್ಟಣವೇ ನಡೆದು ಬಂದು ಅದರ ಮಗ್ಗುಲಲ್ಲಿ ಕೂತಿದೆ. ತೊಗರಿ ಬೆಳೆಯುವ ಹೊಲಗಳಲ್ಲಿ ಮನೆಗಳು ಎದ್ದವು, ಆದರೆ ಮಣ್ಣು ಮಾತ್ರ ಅದೇ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಸಾಕು, ರಾಡಿಯಾಗಿ ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತದೆ. ಮನೆಯೊಳಗೆ ಬಂದವರ ಕಾಲಿನಿಂದ ಸೇರುಗಟ್ಟಲೆ ಮಣ್ಣು ಇಳಿಯುತ್ತದೆ. ಗಟಾರದ ಮೇಲೆ ಒಬ್ಬೊಬ್ಬರ ಬಾಗಿಲ ಮುಂದೆ ಒಂದೊಂದು ಶಹಾಬಾದಿನ ಫರಸಿ ಹಾಸಿದ್ದೇವೆ. ಒಣಗಿದ್ದಾಗ ಬಲು ಚೆಂದ, ತೊಯ್ದಾಗ ಎಣ್ಣೆ ಸವರಿದ ಹಾಗೆ. ನಮ್ಮ ಓಣಿಗೆ ಬೇರೆ ಕಾಲುದಾರಿ ಅಂತ ಇಲ್ಲ. ಗಟಾರದ ಅಂಚಿಗೆ ಉಳಿದಿರುವ ಮೂರು ಮೊಳವೇ ಮಕ್ಕಳಿಗೂ ಮುದುಕರಿಗೂ ನಡೆಯುವ ಹಾದಿ.

ಆ ಮೂರು ಮೊಳದ ಹಾದಿಯ ಕತೆಯನ್ನೇ ನಿಮಗೆ ಹೇಳಹೊರಟಿದ್ದೇನೆ. ಅದಕ್ಕೆ ಮೊದಲು ಒಂದು ಫೋನಿನ ಸುದ್ದಿ ಹೇಳಿಬಿಡುತ್ತೇನೆ.

ನನ್ನ ಮಗಳು ಅಮೆರಿಕದ ಬಾಸ್ಟನ್ನಿನಲ್ಲಿದ್ದಾಳೆ. 2022ರ ಜನವರಿ 29ರಂದು ಆ ಊರಿನಲ್ಲಿ ಒಂದೇ ದಿನಕ್ಕೆ ಸುಮಾರು ಎರಡು ಅಡಿ ಹಿಮ ಬಿತ್ತು. ಮರುದಿನ ನಮಗೆ ಸಂಜೆ, ಅವಳಿಗೆ ಬೆಳಗು. ವಿಡಿಯೊದಲ್ಲಿ ನೋಡಿದರೆ ಹಿಂಜಿದ ಹತ್ತಿಯನ್ನು ಮೊಣಕಾಲೆತ್ತರ ಹರಡಿದ ಹಾಗೆ ಕಾಣುತ್ತಿತ್ತು. ಅದರ ನಡುವೆ ನನ್ನ ಮಗಳು ಕಂಬಳಿ ಮುದ್ದೆಯ ಹಾಗೆ ಸುತ್ತಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದಾಳೆ!

"ಅಯ್ಯ, ಇಷ್ಟ ಓದಿಸಿ ಅಮೆರಿಕಾಕ್ಕ ಕಳಿಸಿದ್ದು ಸಲಿಕಿ ಹಿಡಿಯಾಕೇನವ್ವ? ಅಲ್ಲಿ ಮುನ್ಸಿಪಾಲ್ಟಿ ಇಲ್ಲೇನು?" ಅಂದೆ.

"ಅದ ಅವ್ವ. ನಡುವಿನ ರಸ್ತಾದ್ದು ಅವರ ಯಂತ್ರ ತಗೀತದ. ಮನಿ ಮುಂದಿನ ನಡಿಯೋ ಹಾದಿ ಮನಿ ಮಾಲೀಕರದು. ಹಿಮ ಬೀಳೋದು ನಿಂತ ಮೂರು ತಾಸಿನ್ಯಾಗ ತಗೀಬೇಕು. ರಾತ್ರಿ ಬಿದ್ದು ನಿಂತ್ರ ಹೊತ್ತು ಮೂಡಿದ ಮೂರು ತಾಸಿನ್ಯಾಗ. ಅದೂ 42 ಇಂಚು ಅಗಲ ಬೇಕು, ಗಾಲಿ ಕುರ್ಚಿ, ಕೂಸಿನ ಗಾಡಿ ಹಾಯುವಷ್ಟು. ಇಲ್ಲಾಂದ್ರ ದಂಡ. ತಗದ ಹಿಮಾ ರಸ್ತಾಕ್ಕ ಚೆಲ್ಲಿದ್ರೂ ದಂಡ."

ನನಗೆ ನಗು ತಡೆಯಲಿಲ್ಲ. "ಮುಗಿಲಿಂದ ಬಿದ್ದದ್ದಕ್ಕ ನಿನಗ್ಯಾಕ ದಂಡ ಹಾಕ್ತಾರ? ನೀ ಏನ್ ಕರದಿದ್ದೇನು ಅದನ್ನ?"

ಅವಳು ಸಲಿಕೆಗೆ ಆನಿಕೊಂಡು ಹೇಳಿದಳು: "ಹಿಮಾ ಯಾರದು ಅಂತ ಇಲ್ಲಿ ಕೇಳಂಗಿಲ್ಲವ್ವ. ಹಾದಿ ಯಾರ ಮನಿ ಮುಂದಿಂದು ಅಂತ ಕೇಳ್ತಾರ. ಯಾರರೆ ಜಾರಿ ಬಿದ್ರ?"

ಆ ದಿನ ಈ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಟುಹೋಯಿತು. ನಮ್ಮಲ್ಲಿ ಹಿಮವೆಲ್ಲಿ ಬೀಳುತ್ತದೆ? ಮೂಲೆಮನೆಯ ಆಯಿ ಪಕ್ಕದಲ್ಲೇ ಕೂತು ವಿಡಿಯೊ ನೋಡುತ್ತಿದ್ದರು. "ಕೈ ಸೆಟದೀತವ್ವ, ಒಳಗ ಹೋಗು. ರೊಟ್ಟಿ ಮುಟ್ಟ್ಯಾವೇನು?" ಎಂದಷ್ಟೇ ಕೇಳಿದರು.

ಆಯಿ ಎಂದರೆ ನಮ್ಮ ಓಣಿಗೇ ಆಯಿ. ಎಪ್ಪತ್ತರ ಮೇಲೆ ವಯಸ್ಸು, ಕೈ ಮಾತ್ರ ಇಪ್ಪತ್ತರದು. ಜೋಳದ ಖಡಕ್ ರೊಟ್ಟಿ ಬಡಿಯುವುದು ಅವರ ಉದ್ಯೋಗ. ಒಲೆ ಮುಂದೆ ಕೂತರೆ ದಿನಕ್ಕೆ ನೂರು ರೊಟ್ಟಿ; ಮದುವೆ ಮುಂಜಿ ಬಂದರೆ ಇನ್ನೂ ಹೆಚ್ಚು. ಹಪ್ಪಳದಷ್ಟು ತೆಳುವು. ತಿಂಗಳಾದರೂ ಕೆಡದ ಆ ರೊಟ್ಟಿ ನನ್ನ ಮಗಳ ಪೆಟ್ಟಿಗೆಯಲ್ಲಿ ಶೇಂಗಾ ಹಿಂಡಿಯ ಜೊತೆಗೆ ಬಾಸ್ಟನ್ನಿನವರೆಗೂ ಹೋಗಿತ್ತು. ಮಗ ತೀರಿದ ಮೇಲೆ ಸೊಸೆ ಮತ್ತು ಮೊಮ್ಮಗನ ಸಂಸಾರ ನಡೆದದ್ದು ಆ ರೊಟ್ಟಿಯಿಂದಲೇ.

ಇನ್ನು ಕತೆಗೆ ಬರುತ್ತೇನೆ. ಅದೇ 2022ರ ಸೆಪ್ಟೆಂಬರ್. ಮಹಾನವಮಿಗೆ ಘಟ ಹಾಕುವ ಮೊದಲು ಮನೆಯನ್ನೆಲ್ಲ ತೊಳೆಯುವ ಸಂಭ್ರಮ ನಿಮಗೆ ಗೊತ್ತೇ ಇದೆ. ಕೌದಿ, ಚಾದರ, ಪರದೆ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಒಂದನ್ನೂ ಬಿಡುವುದಿಲ್ಲ. ಎರಡು ದಿನ ತೊಳೆದೆ. ಮೂರನೆಯ ದಿನ ನೋಡುತ್ತೇನೆ, ಬಚ್ಚಲ ನೀರು ಮುಂದೆ ಹೋಗದೆ ನಿಂತಿದೆ. ಗಟಾರ ಕಟ್ಟಿಕೊಂಡಿದೆ.

ನಮ್ಮ ಮನೆಯವರು ಒಬ್ಬ ಕೂಲಿಯವನನ್ನು ಕರೆತಂದರು. ಮುನ್ನೂರು ರೂಪಾಯಿಗೆ ಮಾತಾಯಿತು. ಅವನು ಫರಸಿ ಎತ್ತಿ, ಪ್ಯಾಂಟು ಮಡಚಿ, ಬರಿಗಾಲಲ್ಲಿ ಇಳಿದ. ಬುಟ್ಟಿ ಬುಟ್ಟಿ ಕಪ್ಪು ರಾಡಿ ಮೇಲೆ ಬಂತು. ಅದರಲ್ಲಿ ಏನೇನಿತ್ತು ಕೇಳುತ್ತೀರಾ? ಪ್ಲಾಸ್ಟಿಕ್ ಚೀಲ, ಗುಟಕಾ ಚೀಟಿ, ತೆಂಗಿನ ಜುಂಗು, ಹರಿದ ಕಾಲುಚೀಲ, ಕಸಬರಿಗೆಯ ಕಡ್ಡಿ, ಹಾಲಿನ ಖಾಲಿ ಪಾಕೀಟು. ಕಡೆಗೆ ಒಂದು ಸ್ಟೀಲಿನ ಚಮಚ. ಹಿಡಿಕೆಯ ಮೇಲೆ ನನ್ನ ತವರಿನವರು ಕೆತ್ತಿಸಿಕೊಟ್ಟ ನನ್ನ ಹೆಸರಿನ ಮೊದಲಕ್ಷರ! ಹೋದ ವರ್ಷ ಕಳೆದಿತ್ತು, ಕೆಲಸದಾಕೆಯ ಮೇಲೆ ಅನುಮಾನ ಪಟ್ಟಿದ್ದೆ. ಚಮಚ ನನ್ನದಾದ ಮೇಲೆ ರಾಡಿ ಯಾರದು ಎಂದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

"ಅಕ್ಕೋರೆ, ಇದನ್ನ ಎಲ್ಲಿ ಒಯ್ದು ಹಾಕ್ಲಿ? ಟಂಟಂ ತರಿಸಿದ್ರ ಇನ್ನ ಎರಡೂವರಿ ನೂರು ಆಗ್ತದ" ಎಂದು ಅವನು ಕೇಳಿದ.

"ಅಲ್ಲೇ ಬದಿಗೆ ಸುರಿಯಪ್ಪ. ಒಣಗಲಿ. ಆಮ್ಯಾಲ ಅವರು ಒಯ್ತಾರ."

"ಯಾರ್ರಿ ಅಕ್ಕೋರೆ ಅವರು?"

"ಅವರೇ... ಕಸದ ಗಾಡಿಯವರು."

ಅವನು ಮತ್ತೆ ಮಾತಾಡಲಿಲ್ಲ. ನಡೆಯುವ ಹಾದಿಯ ಮೇಲೆ ಮೊಣಕಾಲೆತ್ತರ ಗುಡ್ಡೆ ಹಾಕಿ, ಕೈಕಾಲು ತೊಳೆದುಕೊಂಡು ಹೋದ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇಕೆ? ಅವನಿಗೆ ಚಹಾ ಕೊಟ್ಟದ್ದು ಹಿತ್ತಿಲ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟದಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಾವು ಕೆಸರನ್ನು ಅವನ ಕೈಗೆ ಕೊಟ್ಟು ಮೊಸರನ್ನು ನಮ್ಮ ಬಾಯಿಗೆ ಇಟ್ಟುಕೊಂಡಿದ್ದೆವು.

ಗುಡ್ಡೆ ನಾಲ್ಕು ದಿನ ಇತ್ತು. ಹೋಗುವವರು ಬರುವವರು ಸೆರಗು, ಪಂಚೆ ಎತ್ತಿ ಹಿಡಿದು ಸುತ್ತು ಹಾಕಿ ಹೋದರು. ನಾನೂ ಹಾಗೇ ಹೋದೆ. "ಯಾವಾಗ ಒಯ್ತಾರೋ" ಎಂದು ಒಬ್ಬರಿಗೊಬ್ಬರು ಅಂದುಕೊಂಡೆವು. ಕಸದ ಗಾಡಿ ದಿನಾ ಬಂದು ಬುಟ್ಟಿಯ ಕಸ ತೆಗೆದುಕೊಂಡು ಹೋಗುತ್ತಿತ್ತು. ಹೂಳು ಅದರ ಪಾಲಿನದಲ್ಲ, ಅದಕ್ಕೆ ಬೇರೆ ಟ್ರ್ಯಾಕ್ಟರ್ ಬರಬೇಕು ಎಂದು ನಮಗೆ ಆಗ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ರಾತ್ರಿ ಅಲ್ಲ, ಅದರ ಹಿಂದಿನ ರಾತ್ರಿ ಧೋ ಎಂದು ಮಳೆ ಸುರಿಯಿತು. ಗುಡ್ಡೆ ಕರಗಿ ಹಾದಿಯ ತುಂಬ ಪಾಯಸದ ಹಾಗೆ ಹರಡಿತು. ಬೆಳಗಾದರೆ ಶನಿವಾರ. ಆಯಿ ಶನಿವಾರ ಬರಿಗಾಲಲ್ಲಿ ಹನುಮಪ್ಪನ ಗುಡಿಗೆ ಹೋಗುವವರು, ಕೈಯಲ್ಲಿ ನೀರಿನ ತಂಬಿಗೆ. ಇನ್ನೂ ನಸುಗತ್ತಲು. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಮೊದಲು ತಂಬಿಗೆ ಕಲ್ಲಿನ ಮೇಲೆ ಉರುಳಿದ ಸದ್ದು ಕೇಳಿತು. ಆಮೇಲೆ "ಯವ್ವಾ" ಎಂಬ ಒಂದೇ ಕೂಗು.

ತೊಡೆಯ ಸಂದಿನ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ಸರಳು ಹಾಕಬೇಕು, ಮೂರು ತಿಂಗಳು ಹಾಸಿಗೆ, ಇನ್ನು ನೆಲಕ್ಕೆ ಕೂತು ಏಳುವುದು ಆಗಲಿಕ್ಕಿಲ್ಲ ಎಂದರು ಡಾಕ್ಟರು. ಆಯಿಯ ಸೊಸೆ ಗೋಡೆಗೆ ಆನಿ ಕುಸಿದಳು. ನೆಲಕ್ಕೆ ಕೂರದೆ ರೊಟ್ಟಿ ಬಡಿಯುವುದು ಹೇಗೆ?

ಅಂದು ನಮ್ಮ ಓಣಿಯಲ್ಲಿ ದೊಡ್ಡ ಪಂಚಾಯಿತಿಯೇ ಸೇರಿತು. "ತೆರಿಗಿ ಮಾತ್ರ ಬೇಕು ಇವರಿಗೆ", "ಬಡವರ ಕಾಲು ಮುರದ್ರ ಯಾರು ಕೇಳ್ತಾರ", "ಓಟು ಕೇಳಲಿಕ್ಕೆ ಬರಲಿ, ತೋರಸ್ತೀವಿ". ಎಲ್ಲರಿಗಿಂತ ಜೋರು ದನಿ ಯಾರದೆಂದು ಬಲ್ಲಿರಾ? ನನ್ನದೇ. ನಮ್ಮ ಮನೆಯವರು ಮಾತ್ರ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ನಾಲ್ಕನೆಯ ದಿನ ಡಬ್ಬಿಯಲ್ಲಿ ಗಂಜಿ ಹಿಡಿದು ದವಾಖಾನೆಗೆ ಹೋದೆ. ಆಯಿ ಬಿಳಿಚಿಕೊಂಡಿದ್ದರು. ಮಂಚದ ಪಕ್ಕ ಕೂತು ಅದೇ ರಾಗ ತೆಗೆದೆ, ಅವರು ಹೀಗೆ, ಅವರು ಹಾಗೆ ಎಂದು. ಆಯಿ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು:

"ಅದಿರಲಿ ತಂಗಿ. ಆ ರಾಡಿ ತಗಸಿದ್ಯೇನು? ಸಾಲಿ ಹುಡುಗ್ರು ಅಲ್ಲೇ ಹಾಯ್ತಾವ."

ನನ್ನ ಬಾಯಿ ಕಟ್ಟಿತು. ತೆಗೆಸಿರಲಿಲ್ಲ. ಒಬ್ಬ ಮುದುಕಿಯ ಕಾಲು ಮುರಿದ ಮೇಲೂ, ನಾಲ್ಕು ದಿನ ಬೈದಾಡಿದ ಮೇಲೂ ಆ ರಾಡಿ ಅಲ್ಲೇ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಒಂದು ಜಾಲಿಯ ಟೊಂಗೆ ಅಡ್ಡ ಇಟ್ಟಿದ್ದರು, ಅಷ್ಟೇ. ಆಯಿಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಗುಡ್ಡೆ ನನ್ನದೆಂದು ಅವರಿಗೆ ಗೊತ್ತಿತ್ತು. ಆದರೂ ಅವರು ಕೇಳಿದ್ದು ತಪ್ಪು ಯಾರದೆಂದಲ್ಲ, ಹಾದಿ ಸಾಫಾಯಿತೇ ಎಂದು. ಆಗ ಬಾಸ್ಟನ್ನಿನ ಮಾತು ಕಿವಿಯಲ್ಲಿ ಗುಂಯ್ ಎಂದಿತು: ಹಿಮಾ ಯಾರದು ಅಂತ ಕೇಳಂಗಿಲ್ಲವ್ವ. ಅಲ್ಲಿ ಮುಗಿಲಿಂದ ಬಿದ್ದದ್ದನ್ನೂ ನನ್ನ ಮಗಳು ತನ್ನದೆಂದು ತೆಗೆಯುತ್ತಿದ್ದಾಳೆ. ಇಲ್ಲಿ ನನ್ನ ಬಚ್ಚಲಿನಿಂದ ಹರಿದದ್ದು, ನಾನೇ ಗುಡಿಸಿ ನೂಕಿದ್ದು, ನಾನೇ ಹಣ ಕೊಟ್ಟು ಹಾದಿಗೆ ಸುರಿಸಿದ್ದು 'ಅವರದು' ಆಗಿತ್ತು!

ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಸಲಿಕೆ ಹಿಡಿದೆ. ನಮ್ಮವರು ಓಡಿ ಬಂದರು.

"ಏನ್ ಹಚ್ಚಿ ಇದು? ಮಂದಿ ನೋಡ್ತಾರ. ತಡಿ, ವಾರ್ಡಿನ ಆಫೀಸಿಗೆ ಫೋನ್ ಮಾಡ್ತೀನಿ."

"ಇಷ್ಟ ದಿನ ಯಾಕ ಮಾಡಲಿಲ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರರೆ ಮಾಡಿರಬೇಕು ಅಂದ್ಕೊಂಡಿದ್ದೆ" ಎಂದರು.

ಆ ಸಂಜೆ ಮನೆ ಮನೆಗೆ ಹೋಗಿ ಕೇಳಿದೆ. ನಮ್ಮ ಓಣಿಯಲ್ಲಿ ಹದಿನೇಳು ಮನೆ. ಹದಿನೇಳರಲ್ಲೂ ಒಂದೇ ಉತ್ತರ: ಯಾರಾದರೂ ಮಾಡಿರಬೇಕು ಅಂದುಕೊಂಡಿದ್ದೆವು. ಪ್ರತಿ ಮನೆಯಲ್ಲಿ ಎರಡೆರಡು ಫೋನು, ಆದರೆ ಒಬ್ಬರೂ ಮಾಡಿರಲಿಲ್ಲ. ನಾವು ರಾಡಿಯನ್ನು ಸಿಮೆಂಟಿನ ಖಾಲಿ ಚೀಲಗಳಿಗೆ ತುಂಬಿ ಬಾಯಿ ಕಟ್ಟಿ ಬದಿಗಿಟ್ಟೆವು; ಓಣಿಯ ಹುಡುಗರು ಕೈಗೂಡಿಸಿದರು. ನಮ್ಮವರು ಫೋನು ಮಾಡಿದರು. ಮರುದಿನ ಊಟದ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಹತ್ತು ನಿಮಿಷದ ಕೆಲಸ. "ಯಾರೂ ಹೇಳೇ ಇಲ್ಲಲ್ರಿ" ಎಂದು ಅದರ ಮೇಲಿದ್ದವನು ಹೇಳಿ ಹೋದ. ಹತ್ತು ನಿಮಿಷದ ಕೆಲಸಕ್ಕೆ ಒಬ್ಬರ ಕಾಲು ಹೋಯಿತಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಾಗಾದರೆ ಎಲ್ಲಾ ತಪ್ಪು ಮನೆಯವರದೇ, ಊರಿನವರಿಗೆ ಏನೂ ಹೊಣೆಯಿಲ್ಲವೇ ಎಂದು ನೀವು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ನಮ್ಮವರು ಮಾಸ್ತರಿಕೆ ಮಾಡಿ ನಿವೃತ್ತರಾದವರು; ಅವರಿಂದ ಕೇಳಿ ಓದಿ ಕೆಲವು ಸಂಗತಿ ತಿಳಿದುಕೊಂಡೆ. ಸಾರ್ವಜನಿಕ ಬೀದಿ ಗುಡಿಸುವುದು, ಗಟಾರ ಕಟ್ಟಿಸಿ ಸರಿಯಾಗಿಡುವುದು, ಕಸ ಸಾಗಿಸುವುದು, ಇವು ಪಾಲಿಕೆಯ ಕಡ್ಡಾಯ ಕೆಲಸಗಳೆಂದು 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯೇ ಹೇಳುತ್ತದೆ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳು ನಮ್ಮ ಪಾಲನ್ನೂ ಹೇಳಿದವು: ಕಸವನ್ನು ಮನೆಯಲ್ಲೇ ಬೇರೆ ಬೇರೆ ಮಾಡಿ ಕೊಡಬೇಕು, ಬೀದಿಗಾಗಲಿ ಗಟಾರಕ್ಕಾಗಲಿ ಚೆಲ್ಲಬಾರದು. ಅಂದರೆ ಒಯ್ಯುವುದು ಊರಿನ ಹೊಣೆ, ಚೆಲ್ಲದಿರುವುದು ಮನೆಯ ಹೊಣೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಒಳ್ಳೆಯ ಮಾತು ಹೇಳಿತು. ನಡೆಯುವವರಿಗೆ ಸರಿಯಾದ ಕಾಲುದಾರಿ ಇರುವುದು ಸಂವಿಧಾನದ 21ನೆಯ ವಿಧಿಯಲ್ಲಿ ಬರುವ ಹಕ್ಕು, ಅಂದರೆ ಜೀವಿಸುವ ಹಕ್ಕಿನೊಳಗೇ ಅದು ಸೇರುತ್ತದೆ ಎಂದಿತು. ನಮ್ಮ ಆಯಿಯ ಮೂರು ಮೊಳದ ಹಾದಿಗೆ ಅಷ್ಟು ದೊಡ್ಡ ಮಾನ ಇದೆ ನೋಡಿ!

ಹಿಮದ ನಾಡಿನಲ್ಲೂ ಈ ಲೆಕ್ಕ ಎಲ್ಲ ಊರಿಗೆ ಒಂದೇ ಇಲ್ಲವಂತೆ. ಕೆನಡಾದ ಟೊರೊಂಟೊದಲ್ಲಿ ಹಳೆಯ ಊರಿನ ಭಾಗದ ಮನೆಯವರೇ ತಮ್ಮ ಮುಂದಿನ ಹಾದಿಯ ಹಿಮ ತೆಗೆಯಬೇಕಿತ್ತು. ಮುದುಕರು, ಕಾಯಿಲೆಯವರು ಏನು ಮಾಡಬೇಕು, ಪಕ್ಕದವರು ತೆಗೆಯದಿದ್ದರೆ ಗಾಲಿ ಕುರ್ಚಿಯವರು ಹೇಗೆ ಹೋಗಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಡೆಗೆ 2021ರಲ್ಲಿ, ಯಂತ್ರ ಹೋಗಬಲ್ಲ ಕಾಲುದಾರಿಗಳನ್ನೆಲ್ಲ ಊರಿನ ವತಿಯಿಂದಲೇ ತೆಗೆಸುವುದೆಂದು ಅಲ್ಲಿನ ನಗರಸಭೆ ಒಪ್ಪಿತು. ಬಾಸ್ಟನ್ನಿನದೂ ಸರಿ, ಟೊರೊಂಟೊದ್ದೂ ಸರಿ. ಎರಡೂ ಕಡೆ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿದ್ದಾರೆ. ನಮ್ಮ ಓಣಿಯಲ್ಲಿ ಹೊಣೆ 'ಅವರ' ಹತ್ತಿರ ಇತ್ತು, ಆ 'ಅವರು' ಯಾರೂ ಆಗಿರಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ನೀವು ಗೃಹಿಣಿಯರು ಬೇಗ ಹಿಡಿಯುತ್ತೀರಿ. 'ಮನೆಯವರು ಮಾಡಬೇಕು' ಎಂದರೆ ಯಾರು ಮಾಡಬೇಕು? ಕಸಬರಿಗೆ ಯಾರ ಕೈಗೆ ಬರುತ್ತದೆ? ನಮ್ಮ ಕೈಗೇ ಅಲ್ಲವೇ! ಆದ್ದರಿಂದ ಊರಿನ ಹೊಣೆಯನ್ನೆಲ್ಲ ಮನೆಗೆ ತಂದು ಸುರಿದರೆ ಅದು ಕಡೆಗೆ ಹೆಂಗಸರ ನಡುವಿನ ಮೇಲೇ ಬೀಳುತ್ತದೆ. ನಾನು ಅದನ್ನು ಒಪ್ಪುವವಳಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಭಾನುವಾರದ ಅಂಗಳ ನಮ್ಮವರದು. ಮೊದಲ ವಾರ ಎದುರುಮನೆಯವರು ನಕ್ಕರು. ಎರಡನೆಯ ವಾರ ಅವರ ಕೈಗೂ ಕಸಬರಿಗೆ ಬಂತು, ಹೇಗೆ ಬಂತೆಂದು ಅವರ ಮನೆಯಾಕೆಯನ್ನೇ ಕೇಳಬೇಕು.

ಮತ್ತೆ ಗಟಾರಕ್ಕೆ ಇಳಿದನಲ್ಲ, ಅವನ ವಿಷಯ. ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದ ಮೊದಲಲ್ಲೇ, ದೇವರಾಜ ಅರಸು ಅವರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ನಿಲ್ಲಿಸಿದರು. 2013ರ ಕೇಂದ್ರ ಕಾಯಿದೆ ಇನ್ನೂ ಮುಂದೆ ಹೋಗಿ, ಮಲ ಸೇರಿದ ತೆರೆದ ಗಟಾರವನ್ನು ಮನುಷ್ಯರ ಕೈಯಿಂದ ಬಳಿಸುವುದನ್ನೂ ನಿಷೇಧಿಸಿತು. ನಮ್ಮ ಓಣಿಯ ಎರಡು ಮನೆಗಳ ಪಾಯಖಾನೆಯ ಗುಂಡಿ ತುಂಬಿ ಹರಿದ ನೀರು ಅದೇ ಗಟಾರ ಸೇರುತ್ತಿತ್ತು. ಮುನ್ನೂರು ರೂಪಾಯಿಗೆ ನಾನು ಬರಿಗಾಲಲ್ಲಿ ಇಳಿಸಿದ್ದು ಅದರೊಳಕ್ಕೆ. ಅಂದರೆ ಹೊಣೆ ಹೊರುವುದೆಂದರೆ ಬಡವನೊಬ್ಬನನ್ನು ಕರೆದು ಹಣ ಕೊಡುವುದೂ ಅಲ್ಲ. ಆ ಕೆಲಸ ಯಂತ್ರದ್ದು. ಅದನ್ನು ಕಳಿಸುವುದು ಊರಿನ ಕೆಲಸ. ಕಳಿಸಿ ಎಂದು ಬಿಡದೆ ಕೇಳುವುದು ನಮ್ಮ ಕೆಲಸ.

ನನ್ನ ತವರು ಕಮಲಾಪುರ, ಕೆಂಪು ಬಾಳೆಹಣ್ಣಿನ ಊ‌ರು. ಅಲ್ಲಿ ನಮ್ಮವ್ವ ಬೀದಿಯ ನಡುವಿನವರೆಗೆ ಗುಡಿಸುತ್ತಿದ್ದಳು, ಎದುರುಮನೆಯವರು ಆ ಕಡೆಯ ಅರ್ಧ. ಗುಡಿಸಿದ್ದೆಲ್ಲ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯಿಂದ ಬಂಡಿಯಲ್ಲಿ ಹೊಲಕ್ಕೆ. ಸಗಣಿ, ಬೂದಿ, ಬಾಳೆ ಸಿಪ್ಪೆ, ಎಲ್ಲಕ್ಕೂ ಒಂದು ನೆಲೆ ಇತ್ತು. ಪಟ್ಟಣಕ್ಕೆ ಬಂದಾಗ ನಾನು ಕಸಬರಿಗೆ ತಂದೆ, ತಿಪ್ಪೆ ತರಲಿಲ್ಲ. ನೆಲೆಯಿಲ್ಲದ ಕಸವನ್ನು ಕಣ್ಣಿಗೆ ಮರೆಯಾದಲ್ಲಿ ನೂಕಿ, ಅದನ್ನೇ ಶುಚಿ ಅಂದುಕೊಂಡೆ. ನಮ್ಮ ಶರಣರಲ್ಲಿ ಸತ್ಯಕ್ಕ ಎಂಬಾಕೆ ಇದ್ದಳಲ್ಲ, ಶಿವಭಕ್ತರ ಮನೆಯಂಗಳ ಗುಡಿಸುವುದೇ ಆಕೆಯ ಕಾಯಕ. ತನ್ನ ಅಂಗಳವಲ್ಲ, ಬೇರೆಯವರದು! ಅಷ್ಟು ದೊಡ್ಡ ಮನಸ್ಸು ನನಗೆಲ್ಲಿಂದ ಬರಬೇಕು? ನನ್ನ ಅಂಗಳದ ಕಸ ಬೇರೆಯವರ ಕಾಲಿಗೆ ಸಿಗದಂತೆ ನೋಡಿಕೊಂಡರೆ ನನ್ನ ಮಟ್ಟಿಗೆ ಸಾಕು.

ಈಗ ನಾವು ಏನು ಮಾಡುತ್ತೇವೆಂದು ಹೇಳಿದರೆ ನಿಮಗೂ ಉಪಯೋಗವಾದೀತು. ಬಚ್ಚಲು ಮತ್ತು ಅಡಿಗೆಮನೆಯ ನೀರು ಹೋಗುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕೂರಿಸಿದ್ದೇವೆ. ಚಹಾಪುಡಿ, ಅನ್ನದ ಅಗುಳು, ಕೂದಲು ಅಲ್ಲೇ ನಿಲ್ಲುತ್ತವೆ. ದಿನಾ ಒಮ್ಮೆ ತೆಗೆದರಾಯಿತು. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯುವುದಿಲ್ಲ. ಅದು ತಣ್ಣಗಾಗಿ ಕಸವನ್ನೆಲ್ಲ ಹಿಡಿದು ಗಟ್ಟಿ ಮಾಡುತ್ತದೆ. ಅಂಗಳದ ಕಸವನ್ನು ಮೊರಕ್ಕೆ ಎತ್ತಿ, ಎಲೆ ಹೂವು ಹಿತ್ತಿಲ ಗುಂಡಿಗೆ, ಉಳಿದದ್ದು ಗಾಡಿಗೆ. ಫರಸಿಯ ಮೇಲೆ ಪಾಚಿ ಕಟ್ಟಿದರೆ ಬ್ಲೀಚಿಂಗ್ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಕಸಬರಿಗೆಯಿಂದ ತಿಕ್ಕಿ ತೊಳೆಯುತ್ತೇವೆ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ. ಜಾರುವ ಜಾಗಕ್ಕೆ ಒಂದು ಬುಟ್ಟಿ ಗರಸು ಹಾಕುತ್ತೇವೆ. ಮುಂಗಾರಿಗೆ ಮೊದಲು, ಮತ್ತೆ ನವಮಿಗೆ ಮೊದಲು, ಹದಿನೇಳು ಮನೆಯವರೂ ಸಹಿ ಹಾಕಿ ಗಟಾರದ ಹೂಳೆತ್ತಲು ಯಂತ್ರ ಕಳಿಸಿ ಎಂದು ಅರ್ಜಿ ಕೊಡುತ್ತೇವೆ. ಒಮ್ಮೆ ಹೇಳಿದ್ದು ಸಾಲದಿದ್ದರೆ ನಾಲ್ಕು ಸಲ ಹೇಳುತ್ತೇವೆ. ಫೋನು ಮಾಡುವ ಪಾಳಿ ತಿಂಗಳಿಗೆ ಒಂದು ಮನೆಯದು. ಯಾರ ಪಾಳಿ ಎಂಬುದನ್ನು ಕಿರಾಣಿ ಅಂಗಡಿಯ ಗೋಡೆಯ ಮೇಲೆ ಬರೆದಿದ್ದೇವೆ, 'ಯಾರಾದರೂ ಮಾಡಿರಬೇಕು' ಎನ್ನುವ ಹಾಗಿಲ್ಲ. ಓಣಿ ಗುಡಿಸಲು ಬರುವಾಕೆಗೆ ನಾವು ಕುಡಿಯುವ ಕಪ್ಪಿನಲ್ಲೇ ಚಹಾ. ಕಿಟಕಿಯ ಲೋಟ ಎಸೆದೆ.

ಆಯಿಯ ದವಾಖಾನೆಯ ಖರ್ಚಿನಲ್ಲಿ ನಮ್ಮ ಕೈಲಾದಷ್ಟು ನಾವು ಕಟ್ಟಿದೆವು. ಯಾರೋ ಅದನ್ನು ದಾನ ಎಂದರು. ನಮ್ಮವರು "ದಾನ ಅಲ್ರಿ, ಬಾಕಿ" ಎಂದು ತಿದ್ದಿದರು. ಮಗಳೂ ಸ್ವಲ್ಪ ಕಳಿಸಿದಳು. ನಾನು ಹೇಳಲಿಲ್ಲವೇನವ್ವ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆ ಹಣದಲ್ಲಿ ಆಯಿಯ ಅಡಿಗೆಮನೆಯಲ್ಲಿ ಸೊಂಟದೆತ್ತರ ಕಟ್ಟೆ ಕಟ್ಟಿಸಿ ಒಲೆ ಇಟ್ಟೆವು. ಈಗ ಆಯಿ ಕುರ್ಚಿಯ ಮೇಲೆ ಕೂತೇ ರೊಟ್ಟಿ ಬಡಿಯುತ್ತಾರೆ. ನೂರಲ್ಲ, ಮೂವತ್ತು. ಉಳಿದದ್ದನ್ನು ಸೊಸೆ ಬಡಿಯುತ್ತಾಳೆ, ಅವಳ ಕೈಗೆ ಇನ್ನೂ ಆ ತೆಳುವು ಬಂದಿಲ್ಲ. ಆಯಿ ಗುಡಿಗೆ ಹೋಗುವುದು ನಿಂತುಹೋಗಿದೆ. ಶನಿವಾರ ಕೋಲೂರಿ ನಮ್ಮ ಫರಸಿಯವರೆಗೆ ಬಂದು, ಅಲ್ಲಿಂದಲೇ ಹನುಮಪ್ಪನ ದಿಕ್ಕಿಗೆ ಕೈ ಮುಗಿದು ತಿರುಗುತ್ತಾರೆ. ಕಟ್ಟೆ ಕಟ್ಟಿಸಿಕೊಡಬಹುದು, ಆದರೆ ಆ ಕಾಲನ್ನು ನಾನು ತಂದುಕೊಡಲಾರೆ.

ಅದಕ್ಕೇ ಶನಿವಾರ ನಾನು ಸ್ವಲ್ಪ ಮೊದಲೇ ಏಳುತ್ತೇನೆ. ನಮ್ಮ ಬಾಗಿಲಿಂದ ಮೂಲೆಮನೆಯವರೆಗೆ ನಾಲ್ಕು ಮನೆಯ ಹಾದಿ ಗುಡಿಸಿ, ಒಣಗಿಸಿ, ಆಮೇಲೆ ನನ್ನ ರಂಗೋಲಿ. ಹೋದ ಶನಿವಾರ ಆಯಿ ನಿಂತು ನೋಡಿ, "ಸಾಕು ತಂಗಿ, ನಡು ನೋವಾದೀತು" ಅಂದರು. ನಾನು ಏನೂ ಹೇಳದೆ ಮೊರದಲ್ಲಿ ಕಸ ಎತ್ತಿಕೊಂಡೆ.

ನಾಳೆ ಬೆಳಗ್ಗೆ ನೀವೂ ಕಸಬರಿಗೆ ಹಿಡಿದು ಬಾಗಿಲಿಗೆ ಬರುತ್ತೀರಲ್ಲ? ಗುಡಿಸಿಯಾದ ಮೇಲೆ ಒಂದು ಗಳಿಗೆ ನಿಲ್ಲಿ. ಆ ಹಾದಿಯಲ್ಲಿ ಬರಿಗಾಲಲ್ಲಿ ಬರುವವರು ಯಾರೆಂದು ನೆನೆಸಿಕೊಳ್ಳಿ. ಆಮೇಲೆ ಕಸವನ್ನು ಎಲ್ಲಿಗೆ ನೂಕಬೇಕೆಂಬುದನ್ನು ನಿಮ್ಮ ಕೈಯೇ ಹೇಳುತ್ತದೆ.